ಗಂಟೆಗೋಪುರದ ನೈರುತ್ಯ ಮಗ್ಗುಲು

2003ರ ಅಕ್ಟೋಬರ್ 13, ಸೋಮವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತೆರಡು ನಿಮಿಷ. ಹ್ಯಾಲಮ್ ಪಾಸ್ಕ್ ಬ್ರಂಡ್ಲಿ ಎಂಬ ಊರಿನ ಚರ್ಚಿನ ಗಂಟೆಗೋಪುರದ ಬುಡದಲ್ಲಿ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಗೋಡೆಯ ಬಿರುಕನ್ನು ಅಳೆಯುತ್ತಿದ್ದ. ಬಿರುಕಿನ ಆಚೆಗೊಂದು ಈಚೆಗೊಂದು ಹಿತ್ತಾಳೆಯ ಮೊಳೆ ಹೊಡೆದಿತ್ತು. ಅವೆರಡರ ನಡುವಿನ ಅಂತರವನ್ನು ಕ್ಯಾಲಿಪರ್‌ನಲ್ಲಿ ಹಿಡಿದು ಕನ್ನಡಕ ಹಣೆಗೇರಿಸಿ ಓದಿದ. ನೂರ ಐವತ್ತನಾಲ್ಕು ಪಾಯಿಂಟ್ ಮೂರು ಮಿಲಿಮೀಟರ್. ಶುಕ್ರವಾರವೂ ಅಷ್ಟೇ ಇತ್ತು. ಅದರ ಹಿಂದಿನ ಬುಧವಾರವೂ ಅಷ್ಟೇ. ಅಳೆಯಬೇಕಾದದ್ದು ತಿಂಗಳಿಗೊಮ್ಮೆ. ಈ ತಿಂಗಳ ಅಳತೆಯನ್ನು ಒಂದನೇ ತಾರೀಕೇ ಬರೆದಿಟ್ಟಾಗಿತ್ತು. ಆದರೂ ಅವನಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

ಹ್ಯಾಲಮ್‌ಗೆ ಅರವತ್ತೇಳು ವರ್ಷ. ಗಾರೆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಚರ್ಚಿನ ವಾರ್ಡನ್ ಆಗಿ ಹನ್ನೊಂದು ವರ್ಷ. ಬಾಗಿಲ ಬೀಗ, ಮಾಡಿನ ನೀರು ಹರಿಯುವ ಸೀಸದ ದೋಣಿ, ಸೋರುವ ಮೂಲೆ, ಅಲುಗಾಡುವ ಬೆಂಚು ಎಲ್ಲವೂ ಅವನ ಪಾಲಿನವು. ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯೊಬ್ಬರು ಬಂದು ಕಟ್ಟಡವನ್ನು ಮಾಡಿನಿಂದ ಬುಡದವರೆಗೆ ಪರೀಕ್ಷಿಸುವುದು ಅಲ್ಲಿನ ಚರ್ಚುಗಳ ಕಟ್ಟಳೆ. 1998ರಲ್ಲಿ ಬಂದಿದ್ದ ಮುದುಕರು ಬಿರುಕನ್ನು ಕಂಡು, ಮೊಳೆ ಹೊಡೆಸಿ, ಅಂತರ ಸರಿಯಾಗಿ ನೂರೈವತ್ತು ಮಿಲಿಮೀಟರ್ ಎಂದು ಬರೆದುಕೊಂಡು ಹೋಗಿದ್ದರು. ಈ ಸಲ ಅವರ ಜಾಗಕ್ಕೆ ರೊವೀನಾ ಟೇಟ್ ಎಂಬ ಚುರುಕಿನ ಹೆಂಗಸು ಬಂದಿದ್ದಳು. ಏಪ್ರಿಲ್‌ನಲ್ಲಿ ಗೋಪುರವನ್ನು ನೋಡಿದ ದಿನವೇ ಐದೂ ಗಂಟೆಗಳನ್ನು ಬಾರಿಸಕೂಡದೆಂದು ನಿಲ್ಲಿಸಿದಳು. ಸೆಪ್ಟೆಂಬರ್‌ನಲ್ಲಿ ಅವಳ ವರದಿ ಬಂತು. ಬ್ರಂಡ್ಲಿಯ ನೆಲ ಜೇಡಿಮಣ್ಣಿನದು. ಗೋಪುರದಿಂದ ಮೂವತ್ತೊಂದು ಅಡಿ ದೂರದಲ್ಲಿ, ಆವರಣದ ಗೋಡೆಯ ಆಚೆ, ದೊಡ್ಡದೊಂದು ಅಕ್ರೋಟದ ಮರವಿದೆ. ಬೇರುಗಳು ನೀರು ಹೀರಿದಾಗ ಜೇಡಿ ಕುಗ್ಗುತ್ತದೆ, ತಳಪಾಯ ಒಂದು ಕಡೆಗೆ ಕೂರುತ್ತದೆ, ಗೋಡೆ ಬಿರಿಯುತ್ತದೆ. ಮೊದಲು ಮರ ಹೋಗಬೇಕು.

ಮಂಗಳವಾರ ನಾಲ್ಕು ಗಂಟೆಗೆ ಚರ್ಚಿನ ಸಮಿತಿ ಸೇರಿ ಒಪ್ಪಿಗೆ ಕೊಡುವುದೆಂದೂ, ಗುರುವಾರ ಬೆಳಿಗ್ಗೆ ಎಂಟಕ್ಕೆ ಮರ ಕಡಿಯುವವನು ಬರುವುದೆಂದೂ ಗೊತ್ತಾಗಿತ್ತು.

"ಏ ಪಾಸ್ಕ್! ಗೋಡೆಗೆ ಜ್ವರ ಬಂದಿದ್ಯಾ, ದಿನಾ ಬಂದು ನಾಡಿ ನೋಡ್ತೀಯಲ್ಲ?"

ಹ್ಯಾಲಮ್ ತಲೆಯೆತ್ತಿದ. ಆವರಣದ ಗೋಡೆಯ ಮೇಲೆ ಹೆಸ್ಟರ್‌ಳ ತಲೆಯೂ ಎರಡು ಕೈಗಳೂ ಕಾಣುತ್ತಿದ್ದವು. ಅಕ್ರೋಟದ ಸಿಪ್ಪೆ ಸುಲಿದು ಸುಲಿದು ಆ ಕೈಗಳು ಮೊಣಕೈವರೆಗೆ ಕಪ್ಪಾಗಿದ್ದವು. ಹೆಸ್ಟರ್‌ಗೆ ಎಪ್ಪತ್ತನಾಲ್ಕು. ಐವತ್ತೊಂದು ವರ್ಷ ದೊಡ್ಡ ಗಂಟೆಯ ಹಗ್ಗ ಹಿಡಿದವಳು, ಊರಿನಲ್ಲಿ ಗಂಟೆ ಬಾರಿಸಲು ಬಲ್ಲವರೆಲ್ಲ ಅವಳಿಂದ ಬೈಗುಳ ತಿಂದು ಕಲಿತವರೇ. ಮರ ಅವಳದು.

"ಬೇಗ ಎದ್ದಿದೀಯ," ಎಂದ ಹ್ಯಾಲಮ್.

"ಗುರುವಾರ ಬರ್ತಾನಲ್ಲ ಅವ್ನು. ಅಷ್ಟರೊಳಗೆ ಬಿದ್ದಿದ್ದನ್ನೆಲ್ಲ ಆರಿಸ್ಕೋಬೇಕು. ಮುಂದಿನ ವರ್ಷ ಬೀಳೋಕೆ ಏನಿರುತ್ತೆ?"

"ನೀನು ಆಗಲ್ಲ ಅನ್ನಬಹುದಿತ್ತು, ಹೆಸ್ಟರ್. ಮರ ನಿಂದು, ನೆಲ ನಿಂದು."

"ಅಂದ್ಬಿಟ್ಟು? ಗೋಪುರ ಉರುಳಿದ ಮೇಲೆ ಕಾಯಿ ತಿಂತಾ ಕೂತಿರ್ಲಾ? ಮರ ನಮ್ಮಜ್ಜ ನೆಟ್ಟಿದ್ದು, ನೂರಾ ಆರು ವರ್ಷ. ಗೋಪುರ ಒಂಬೈನೂರು ವರ್ಷದ್ದು. ಹಿರಿಯರು ಉಳೀಲಿ." ಅವಳು ಕಪ್ಪು ಬೆರಳಿನಿಂದ ಬಿರುಕಿನ ಕಡೆ ತೋರಿಸಿದಳು. "ನಂಗೆ ಬೇಜಾರು ಅದಲ್ಲ. ನಿಮ್ಮಪ್ಪ ಗಾರೆ ಹಾಕಿದ ಮಗ್ಗುಲು ನೋಡು, ನಲವತ್ನಾಲ್ಕು ವರ್ಷದಲ್ಲಿ ಒಂದು ಕಲ್ಲು ಉದುರಿಸಿಲ್ಲ. ಬೇರೆ ಕಡೆಯೆಲ್ಲ ಹಲ್ಲುದುರಿದ ಬಾಯಿ ಆಗಿದೆ. ಅಂಥಾ ಕೆಲಸಾನ ನನ್ನ ಮರ ಸೀಳ್ತಿದೆ ಅಂದ್ರೆ ನಾಚಿಕೆ ಆಗುತ್ತಪ್ಪ. ಜೆತ್ರೊ ಎದುರಿಗಿದ್ದಿದ್ರೆ ತಪ್ಪಾಯ್ತು ಅಂತಿದ್ದೆ."

ಹ್ಯಾಲಮ್ ಎದ್ದು ನಿಂತ. ಕ್ಯಾಲಿಪರನ್ನು ಡಬ್ಬಿಗೆ ಹಾಕಿದ, ಹೊರತೆಗೆದ, ಮತ್ತೆ ಹಾಕಿದ. "ಮಂಜು ಕವಿದಿದೆ," ಎಂದು ಹೇಳಿ ಒಳಗೆ ಹೋದ. ಆ ಬೆಳಿಗ್ಗೆ ಮಂಜೇನೂ ಇರಲಿಲ್ಲ.

ಒಳಗೆ ಅವನಿಗೆ ಕೆಲಸವೂ ಇರಲಿಲ್ಲ. ಆದರೂ ಹಿಂದೆಂದೋ ಕಲ್ಲು ಕಟ್ಟಿ ಮುಚ್ಚಿದ ಉತ್ತರದ ಬಾಗಿಲಿನ ಬಳಿ ಹೋಗಿ ಗಾರೆಯನ್ನು ಗೆಣ್ಣಿನಿಂದ ತಟ್ಟಿ ನೋಡಿದ. ಟೊಳ್ಳು ಸದ್ದು ಮೊದಲಿನಷ್ಟೇ ಅಗಲಕ್ಕಿತ್ತು. ತಲೆಯೆತ್ತಿ ಮಾಡಿನ ಓಕ್ ತೊಲೆಗಳ ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಮರದ ದೇವದೂತರನ್ನು ಎಣಿಸಿದ. ಹದಿನಾರರಲ್ಲಿ ಹನ್ನೊಂದಕ್ಕೆ ಮುಖವಿಲ್ಲ. ಮುನ್ನೂರ ಅರವತ್ತು ವರ್ಷದ ಹಿಂದೆ, ದೇವರ ಮನೆಯಲ್ಲಿ ಗೊಂಬೆ ಇರಕೂಡದು ಎಂದವರು ಮುಖಗಳನ್ನು ಕೊಚ್ಚಿಹಾಕಿ, ಏಣಿ ಸಾಲದೆ ಐದನ್ನು ಬಿಟ್ಟು ಹೋಗಿದ್ದರು. ಅವನು ಕಮಾನಿನ ಕೆಳಗೆ ಗೋಪುರದೊಳಕ್ಕೆ ಬಂದ. ಮೇಲಿನಿಂದ ಇಳಿಬಿಟ್ಟ ಐದು ಹಗ್ಗಗಳನ್ನು ಹೆಸ್ಟರ್ ಏಪ್ರಿಲ್‌ನಲ್ಲೇ ಸುರುಳಿ ಸುತ್ತಿ ಗೂಟಕ್ಕೆ ಕಟ್ಟಿಟ್ಟಿದ್ದಳು.

ಆ ಗೋಪುರ ದುಂಡಗಿದೆ. ಆ ಸೀಮೆಯಲ್ಲಿ ಹೊಲ ಉತ್ತರೆ ಸಿಗುವುದು ಚಕಮಕಿ ಕಲ್ಲೊಂದೇ. ಮುಷ್ಟಿಗಾತ್ರದ ಆ ಕಲ್ಲಿನಲ್ಲಿ ಮೂಲೆ ತಿರುಗಿಸುವುದು ಕಷ್ಟ, ಅದಕ್ಕೇ ಹಳಬರು ಮೂಲೆಯ ಗೊಡವೆಯೇ ಬೇಡವೆಂದು ಸುತ್ತುಗಟ್ಟಿದರು. ಮುನ್ನೂರು ವರ್ಷದ ನಂತರ ಬಂದವರು ಅದರ ತಲೆಯ ಮೇಲೆ ಎಂಟು ಮೂಲೆಯ ಗಂಟೆಮನೆ ಕೂರಿಸಿದರು. ಗೋಡೆಯ ದಪ್ಪ ಮೂರೂವರೆ ಅಡಿ. ಹೊರಗೊಂದು ಪದರ ಕಲ್ಲು, ಒಳಗೊಂದು ಪದರ ಕಲ್ಲು, ನಡುವೆ ಸುಣ್ಣದ ಗಾರೆ ಕಲಸಿದ ಚೂರುಕಲ್ಲಿನ ತಿರುಳು. ಇಂಥ ಗೋಡೆ ಮಳೆಯನ್ನು ತಡೆಯುವುದಿಲ್ಲ, ಕುಡಿಯುತ್ತದೆ. ಕುಡಿದದ್ದನ್ನು ಸುಣ್ಣದ ಸಂದುಗಳ ಮೂಲಕ ಗಾಳಿಗೆ ಬಿಟ್ಟುಕೊಡುತ್ತದೆ. ಹ್ಯಾಲಮ್‌ನ ಅಪ್ಪ ಜೆತ್ರೊ ಪಾಸ್ಕ್‌ಗೆ ಇದು ಗೊತ್ತಿತ್ತು. ಅವನು ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ, ಗುಂಡಿಯಲ್ಲಿ ಮೂರು ತಿಂಗಳು ಮುಚ್ಚಿಟ್ಟು, ಬೆಣ್ಣೆಯಂತಾದ ಮೇಲೆ ಮಾತ್ರ ಕೈಗೆತ್ತಿಕೊಳ್ಳುತ್ತಿದ್ದ. ಸಂದು ತುಂಬಿದ ಮೇಲೆ ಒದ್ದೆ ಗೋಣಿ ಹೊದಿಸಿ ವಾರಗಟ್ಟಲೆ ಕಾಯುತ್ತಿದ್ದ.

1959ರಲ್ಲಿ ಗೋಪುರದ ನೈರುತ್ಯ ಮಗ್ಗುಲಿನ ಸಂದುಗಳನ್ನು ಹೊಸದಾಗಿ ತುಂಬುವ ಕೆಲಸ ಜೆತ್ರೊಗೆ ಬಂತು. ಮಳೆ ಹೊಡೆಯುವುದು ಆ ಮಗ್ಗುಲಿಗೇ. ಆದರೆ ಆಗಸ್ಟ್ ಕೊನೆಗೆ ಅವನ ಎದೆ ಕಟ್ಟಿತು, ಆರು ವಾರ ಹಾಸಿಗೆ ಹಿಡಿದ. ಹ್ಯಾಲಮ್‌ಗೆ ಆಗ ಇಪ್ಪತ್ತಮೂರು. ಕೆಲಸ ಅವನ ಕೈಗೆ ಬಂತು. "ಗುಂಡಿ ಸುಣ್ಣಾನೇ ಹಾಕು. ಮುಗೀದಿದ್ರೆ ಮುಂದಿನ ವರ್ಷ ಮುಗಿಸೋಣ," ಎಂದು ಅಪ್ಪ ಕೆಮ್ಮಿನ ನಡುವೆ ಹೇಳಿದ. ಹ್ಯಾಲಮ್ ಹೂಂಗುಟ್ಟಿ ಬಂದು ಸಿಮೆಂಟು ತರಿಸಿದ. ಹತ್ತೊಂಬತ್ತು ದಿನಕ್ಕೆ ಮುಗಿಸಿದ. ಗೋಣಿ ಹೊದಿಸುವ ಗೋಜಿಲ್ಲ, ಹಿಮ ಬೀಳುವ ಭಯವಿಲ್ಲ. ಊರವರು ಬಂದು ನೋಡಿ, ಜೆತ್ರೊನ ಮನೆ ಕೆಲಸವೆಂದರೆ ಹೀಗಿರಬೇಕು ಎಂದರು. ಅಕ್ಟೋಬರ್‌ನಲ್ಲಿ ಜೆತ್ರೊ ಕೋಲೂರಿಕೊಂಡು ಬಂದ. ಹೆಬ್ಬೆರಳ ಉಗುರಿನಿಂದ ಒಂದು ಸಂದನ್ನು ಗೀರಿದ. ಗೆರೆ ಮೂಡಲಿಲ್ಲ. ಇನ್ನೊಂದನ್ನು ಗೀರಿದ. "ಉಸಿರು ಕಟ್ಟಿಸಿದೀಯ," ಎಂದ. ಅಷ್ಟೇ. ಸಾಯುವ ತನಕ ಆ ಮಾತು ಮತ್ತೆ ಎತ್ತಲಿಲ್ಲ. ಸಾಮಾನು ಸಾಗಿಸುವ ಬಂಡಿಯ ಮೇಲೆ ಬರೆದಿದ್ದದ್ದು ಅಪ್ಪನ ಹೆಸರು. ಹಾಗಾಗಿ ಕೆಲಸವೂ ಊರಿನ ಬಾಯಲ್ಲಿ ಅಪ್ಪನದಾಗಿಯೇ ಉಳಿಯಿತು, ಹ್ಯಾಲಮ್ ತಿದ್ದಲಿಲ್ಲ. ಹೊಗಳಿಕೆ ಅಪ್ಪನಿಗೆ ಹೋಗಲಿ ಎಂದು ಅಂದುಕೊಂಡದ್ದೂ ಉಂಟು.

1986ರಲ್ಲಿ ಪಕ್ಕದೂರಿನ ಚರ್ಚಿನಲ್ಲಿ ಯಾರೋ ಹಾಕಿದ್ದ ಹಳೆಯ ಸಿಮೆಂಟು ಬಿಡಿಸುವಾಗ ಹ್ಯಾಲಮ್‌ನ ಉಳಿ ಒಳಕ್ಕೆ ಜಾರಿತು. ಗೋಡೆಯ ತಿರುಳು ಮೊಸರಿನಂತೆ ಅವನ ಮಣಿಕಟ್ಟಿನ ಮೇಲೆ ಇಳಿಯಿತು. ನೀರು ಒಳಗೆ ಸೇರಿ, ಹೊರಗೆ ಹೋಗಲು ದಾರಿ ಇಲ್ಲದೆ, ಚಳಿಗಾಲಕ್ಕೊಮ್ಮೆ ಹೆಪ್ಪುಗಟ್ಟಿ, ಉಬ್ಬಿ, ತಿರುಳನ್ನು ಕರಗಿಸಿ, ಹೊರಗಿನ ಕಲ್ಲಿನ ಪದರವನ್ನು ಸಿಪ್ಪೆಯಂತೆ ಬಿಡಿಸುತ್ತಿತ್ತು. ಆ ಸಂಜೆ ಅವನು ಮನೆಗೆ ಹೋಗುವ ಮೊದಲು ಬ್ರಂಡ್ಲಿ ಗೋಪುರವನ್ನು ಒಂದು ಸುತ್ತು ಹಾಕಿದ. ಅಂದಿನಿಂದ ಆ ಸುತ್ತು ತಪ್ಪಲಿಲ್ಲ. ವಾರ್ಡನ್ ಕೆಲಸ ಯಾರಿಗೂ ಬೇಡವಾದಾಗ ಇವನು ಒಪ್ಪಿಕೊಂಡದ್ದು ಭಕ್ತಿಯಿಂದ ಎಂದು ಪಾದ್ರಿಗಳು ತಿಳಿದರು. ಅವನಿಗೆ ಬೇಕಾಗಿದ್ದದ್ದು ಬೀಗದ ಕೈ.

1998ರ ಮುದುಕರು, "ಈ ಗಟ್ಟಿ ಸಂದು ಯಾರದ್ದು?" ಎಂದು ಕೇಳಿದ್ದರು. "ಅಪ್ಪನ ಕಾಲದ್ದು," ಎಂದಿದ್ದ. ಕಾಲದ ಮಟ್ಟಿಗೆ ಅದು ನಿಜ. ಈ ಸೆಪ್ಟೆಂಬರ್‌ನಲ್ಲಿ ರೊವೀನಾ ಕಳಿಸಿದ ನಮೂನೆಯಲ್ಲಿ ಎರಡೇ ಖಾನೆಗಳಿದ್ದವು: ಮೊದಲ ಅಳತೆ, ಇತ್ತೀಚಿನ ಅಳತೆ. ಅವನು ಎರಡನ್ನೂ ಸರಿಯಾಗಿ ತುಂಬಿದ. ನಡುವಿನ ಐವತ್ತೆಂಟು ಅಳತೆಗಳು ಅವನ ಕೋಟಿನ ಜೇಬಿನ ಪುಸ್ತಕದಲ್ಲೇ ಉಳಿದವು. ಅವು ಏನು ಹೇಳುತ್ತವೆಂದು ಅವನಿಗೆ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ಅವನು ಸೂಪಿನ ಬಟ್ಟಲು ಮುಗಿಯುವಷ್ಟರಲ್ಲಿ ನಾಲ್ಕು ಸಲ ಎದ್ದ. ಒಮ್ಮೆ ಗಡಿಯಾರಕ್ಕೆ, ಒಮ್ಮೆ ಕಿಟಕಿಗೆ, ಎರಡು ಸಲ ಏತಕ್ಕೂ ಅಲ್ಲ. ಹೆಂಡತಿ ಬೆರಿಲ್ ಸಭೆಗೆಂದು ಒಣದ್ರಾಕ್ಷಿ ಕೇಕು ಬೇಯಿಸುತ್ತಿದ್ದಳು.

"ಕೂತ್ಕೋ, ಹ್ಯಾಲಮ್."

"ಕೂತಿದೀನಲ್ಲ."

"ಕುರ್ಚಿ ಮೇಲೆ ನಿಂತಂಗಿದೀಯ. ಕಾಲು ಸುಟ್ಟ ಬೆಕ್ಕಿನ ಥರ ಐದು ವಾರದಿಂದ ಮನೆ ತುಂಬಾ ಓಡಾಡ್ತಿದೀಯ. ಹೇಳೋದಿದ್ರೆ ಹೋಗಿ ಹೇಳು, ಇಲ್ಲಾಂದ್ರೆ ನನ್ನ ನೆಲ ಸವೆಸಬೇಡ."

"ಏನು ಹೇಳೋದು?"

ಬೆರಿಲ್ ಒಲೆಯ ಬಾಗಿಲು ಮುಚ್ಚಿ, ಕೈ ಒರೆಸಿಕೊಂಡು ಅವನ ಎದುರು ಕುಳಿತಳು. "ಐವತ್ತೊಂಬತ್ತರ ಸುಗ್ಗಿ ಊಟದ ದಿನ ನನ್ನ ಜೊತೆ ಮೊದಲನೇ ಸಲ ಕುಣಿದೆ. ನೆನಪಿದ್ಯಾ? ನಿನ್ನ ಹತ್ತು ಬೆರಳೂ ಬಿರಿದು ರಕ್ತ. ನನ್ನ ಬಿಳೀ ಅಂಗಿ ಬೆನ್ನಿಗೆಲ್ಲ ಕಲೆ. ಏನಿದು ಅಂದ್ರೆ, ಸಿಮೆಂಟು ಸುಟ್ಟಿದ್ದು ಅಂದೆ. ನಿಮ್ಮಪ್ಪ ಆಗ ಹಾಸಿಗೇಲಿದ್ರು. ನಾನೇ ಅವರಿಗೆ ಅಂಗಡಿಯಿಂದ ಜೇನು ತಂದು ಕೊಟ್ಟಿದ್ದು."

ಹ್ಯಾಲಮ್ ಚಮಚವನ್ನು ಬಟ್ಟಲಿನಲ್ಲಿ ಇಟ್ಟ. "ನಲವತ್ನಾಲ್ಕು ವರ್ಷ ಗೊತ್ತಿದ್ದೂ ಸುಮ್ನಿದ್ಯಾ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಇಷ್ಟು ನಿಧಾನ ಅಂತ ಗೊತ್ತಿದ್ರೆ ಮದುವೆಗೆ ಮುಂಚೇನೇ ಕೇಳಿಬಿಡ್ತಿದ್ದೆ."

"ಹೇಳಿದ್ರೆ ಹೆಸ್ಟರ್..."

"ಬೈತಾಳೆ. ಬೈದ್ರೆ ಬೈಸ್ಕೋ. ಮರ ಬಿದ್ದ ಮೇಲೆ ಅವಳು ಬೈದ್ರೂ ಏನು, ಬಿಟ್ರೂ ಏನು?"

ನಾಲ್ಕು ಗಂಟೆಗೆ ಚರ್ಚಿನ ಹಿಂದಿನ ಬೆಂಚುಗಳಲ್ಲಿ ಏಳು ಜನ ಸೇರಿದ್ದರು. ಪಾದ್ರಿಗಳು ಎರಡು ಸಾಲಿನ ಪ್ರಾರ್ಥನೆ ಮುಗಿಸಿದರು. ಹ್ಯಾಲಮ್ ಎದ್ದು ಹೀಟರ್ ನೋಡಿ ಬಂದ. ರೊವೀನಾ ಟೇಟ್ ನಕ್ಷೆ ಹರಡಿ ವರದಿಯ ಸಾರ ಹೇಳಿದಳು. ಹ್ಯಾಲಮ್ ಎದ್ದು ಬಾಗಿಲ ಅಗಳಿ ನೋಡಿ ಬಂದ.

"ಯಾರಿಗಾದ್ರೂ ಆಕ್ಷೇಪ ಇದ್ಯಾ?" ಎಂದರು ಪಾದ್ರಿಗಳು.

"ಮರ ನಂದು, ನಂಗೇ ಇಲ್ಲ. ಬೇರೆಯವ್ರಿಗೆ ಎಲ್ಲಿಂದ ಬರ್ಬೇಕು?" ಎಂದಳು ಹೆಸ್ಟರ್. "ಕ್ರಿಸ್‌ಮಸ್ ಹೊತ್ತಿಗೆ ಗಂಟೆ ಬಾರಿಸೋಕೆ ಬಿಟ್ರೆ ಸಾಕು."

"ನನಗಿದೆ," ಎಂದ ಹ್ಯಾಲಮ್.

ಅವನು ನಿಂತೇ ಇದ್ದ. ಕೋಟಿನ ಜೇಬಿನಿಂದ ಪುಸ್ತಕ ತೆಗೆದು ರೊವೀನಾಳ ನಕ್ಷೆಯ ಮೇಲೆ ಇಟ್ಟ. "ಐದು ವರ್ಷದ್ದು. ಪ್ರತಿ ತಿಂಗಳು ಒಂದನೇ ತಾರೀಕು, ಅದೇ ಹೊತ್ತಿಗೆ. ಪಕ್ಕದಲ್ಲಿ ಆ ದಿನದ ಮಳೆ, ಹಿಮ ಬರೆದಿದೀನಿ."

ರೊವೀನಾ ಎರಡು ಪುಟ ತಿರುವಿದಳು. ಚೀಲದಿಂದ ಚೌಕುಳಿ ಕಾಗದ ತೆಗೆದು ಒಂದೊಂದೇ ಚುಕ್ಕೆ ಇಡತೊಡಗಿದಳು. ಅರವತ್ತೊಂದು ಚುಕ್ಕೆಗೆ ಹನ್ನೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಬೆರಿಲ್ ಕೇಕು ಹಂಚಿದಳು. ಹೆಸ್ಟರ್ ತನ್ನ ಪಾಲನ್ನು ತಿಂದು ಹ್ಯಾಲಮ್‌ನದನ್ನೂ ತಿಂದಳು. ಚುಕ್ಕೆಗಳನ್ನು ಸೇರಿಸಿದ ಗೆರೆ ಮೆಟ್ಟಿಲಿನಂತೆ ಕಂಡಿತು. ಐದು ಮೆಟ್ಟಿಲು.

"ಇದು ತಲೆಕೆಳಗಾಗಿದೆ," ಎಂದಳು ರೊವೀನಾ. "ಮರ ನೀರು ಹೀರೋದು ಬೇಸಿಗೇಲಿ. ಬಿರುಕು ಬೇಸಿಗೇಲಿ ಅಗಲ ಆಗ್ಬೇಕು, ಮಳೆಗಾಲ ಬಂದಾಗ ಸ್ವಲ್ಪ ಕೂಡ್ಕೋಬೇಕು. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಏರಿದೆ. ಬೇಸಿಗೇಲಿ ಸುಮ್ನಿದೆ. ಈ ವರ್ಷ ಅಂಥಾ ಬಿಸಿಲಲ್ಲಿ..." ಅವಳು ಗೆರೆಯ ಕೊನೆಯನ್ನು ಬೆರಳಿಂದ ಮುಟ್ಟಿದಳು. "ಒಂದು ಪಾಯಿಂಟೂ ಅಲ್ಲಾಡಿಲ್ಲ. ತಳಪಾಯ ಅಲ್ಲ ಇದು. ಗೋಡೆ ಒಳಗಿನ ನೀರು." ತಲೆಯೆತ್ತಿದಳು. ಮುಖ ಕೆಂಪಾಗಿತ್ತು. "ಇದನ್ನ ಸೆಪ್ಟೆಂಬರ್‌ನಲ್ಲೇ ಯಾಕೆ ಕೊಡಲಿಲ್ಲ, ಮಿಸ್ಟರ್ ಪಾಸ್ಕ್?"

"ನಮೂನೇಲಿ ಎರಡೇ ಖಾನೆ ಇತ್ತು."

"ಅದೇ ಕಾರಣಾನಾ?"

"ಅಲ್ಲ."

ರೊವೀನಾ ಮುಂದಿನ ಮಾತಿಗೆ ಕಾಯಲಿಲ್ಲ. ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತ ಬಾಗಿಲಿನಾಚೆ ಹೋದಳು. ಮರ ಕಡಿಯುವವನಿಗೆ ಗುರುವಾರ ಬರಬೇಡಿ, ಆಮೇಲೂ ಬರಬೇಡಿ ಎಂದು ಹೇಳುವುದು ಒಳಗೆ ಕೇಳಿಸಿತು. ಹೆಸ್ಟರ್ ತನ್ನ ಕಪ್ಪು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಎದುರಿನ ಬೆಂಚಿನ ತುದಿಯಲ್ಲಿ ಕೆತ್ತಿದ ಮೊಲವನ್ನು ನೋಡುತ್ತ ಕುಳಿತಿದ್ದಳು.

ವಾಪಸು ಬಂದ ರೊವೀನಾಳ ದನಿ ಮೆತ್ತಗಾಗಿತ್ತು. "ಹಾಗಾದ್ರೆ ಕಾರಣ ಆ ಸಿಮೆಂಟಿನ ಸಂದು. ಅದನ್ನೆಲ್ಲ ಕೈಯಿಂದ್ಲೇ ಬಿಡಿಸಿ ಮತ್ತೆ ಸುಣ್ಣ ತುಂಬಬೇಕಾಗುತ್ತೆ. ಹಳೇ ವರದೀಲಿ ಜೆ. ಪಾಸ್ಕ್ ಅಂತಿದೆ. ನೋಡಿ, ನಿಮ್ಮ ತಂದೆ ಕಾಲದಲ್ಲಿ ಎಲ್ಲಾರೂ ಹಾಗೇ ಮಾಡ್ತಿದ್ರು. ಅವರ ತಪ್ಪು ಅಂತ ನಾನೇನೂ ಬರೆಯಲ್ಲ."

"ಪಾಪ, ಅವರಿಗೇನು ಗೊತ್ತಿತ್ತು," ಎಂದರು ಪಾದ್ರಿಗಳು.

ಬಾಗಿಲು ತೆರೆದೇ ಇತ್ತು. ಹ್ಯಾಲಮ್ ಅತ್ತ ನೋಡಿದ. ಬೆರಿಲ್ ಕೇಕಿನ ಚಾಕುವನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಅವರಿಗೆ ಗೊತ್ತಿತ್ತು," ಎಂದ ಅವನು. "ಅಪ್ಪ ಆ ಗೋಡೆಗೆ ಕೈ ಹಚ್ಚಲೇ ಇಲ್ಲ. ಹಾಸಿಗೇಲಿದ್ರು. ಸುಣ್ಣಾನೇ ಹಾಕು ಅಂತ ಹೇಳಿ ಕಳಿಸಿದ್ರು. ಬೇಗ ಮುಗಿಸಿ ಹೆಸರು ತಗೋಬೇಕು ಅಂತ ನಾನು ಸಿಮೆಂಟು ಹಾಕಿದೆ. ಹದಿನೇಳು ವರ್ಷದಿಂದ ಅದು ತಪ್ಪು ಅಂತ ಗೊತ್ತು. ಐದು ವಾರದಿಂದ ಮರದ್ದಲ್ಲ ಅಂತ್ಲೂ ಗೊತ್ತು."

ಹೆಸ್ಟರ್ ಮೊಲದಿಂದ ಕಣ್ಣು ತೆಗೆಯದೆ ಹೇಳಿದಳು: "ನಿನ್ನೆ ಬೆಳಿಗ್ಗೆ ನಾನು ನಿಮ್ಮಪ್ಪನಿಗೆ ತಪ್ಪಾಯ್ತು ಅಂತಿದ್ದೆ ಅಂದೆ. ನೀನು ಎದುರಿಗೆ ನಿಂತ್ಕೊಂಡು ಮಂಜು ಕವಿದಿದೆ ಅಂದೆ."

"ಹೌದು, ಹೆಸ್ಟರ್."

"ಕತ್ತೆ ಕಣಯ್ಯ ನೀನು."

"ಹೌದು."

"ಬರೀ ಕತ್ತೆ ಅಲ್ಲ, ಹೇಡಿ ಕತ್ತೆ." ಅವಳು ಎದ್ದು, ಮರ ಕಾಣುವ ದಕ್ಷಿಣದ ಕಿಟಕಿಯ ಬಳಿಗೆ ಹೋಗಿ ಎಲ್ಲರಿಗೂ ಬೆನ್ನು ಹಾಕಿ ನಿಂತಳು.

ರೊವೀನಾ ಲೇಖನಿಯ ಮುಚ್ಚಳ ತೆಗೆದಳು. ಎದುರಿಗೆ ನಿಂತ ಮುದುಕನ ಮೇಲೆ ಅವಳಿಗೆ ಸಿಟ್ಟು ಇನ್ನೂ ಆರಿರಲಿಲ್ಲ, ಆದರೂ ಕನಿಕರ ಬಂದಿತ್ತು. "ಪೂರ್ತಿ ನಿಮ್ಮದೇ ಇರ್ಲಿಕ್ಕಿಲ್ಲ, ಮಿಸ್ಟರ್ ಪಾಸ್ಕ್. ನಲವತ್ತು ವರ್ಷದಲ್ಲಿ ಯಾರ್ಯಾರೋ ಬಂದು ಅಲ್ಲಲ್ಲಿ ತೇಪೆ ಹಾಕಿರ್ತಾರೆ. ವರದೀಲಿ 'ಸ್ವಲ್ಪ ಭಾಗ' ಅಂತ ಹಾಕ್ತೀನಿ. ಸುಮಾರಾಗಿ ಎಷ್ಟು ನಿಮ್ಮದು?"

"ಸುಮಾರು ಬೇಡ," ಎಂದ ಹ್ಯಾಲಮ್. ಐದು ವಾರದಲ್ಲಿ ಮೊದಲ ಬಾರಿಗೆ ಅವನು ಬೆಂಚಿಗೆ ಬೆನ್ನು ಒರಗಿಸಿ ಕುಳಿತ. ಕುಳಿತು, ಕಿಟಕಿಯ ಬಳಿ ನಿಂತವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ: "ಪೂರ್ತಿ ನಂದೇ. ನಾನೂರ ಹದಿನೆಂಟು ಚದರ ಅಡಿ."